ತೂರಾಡುವ ನಡಿಗೆಗೆ ಇಂಗ್ಲಿಷಿನಲ್ಲಿ ಯಾವ ಪದ?

ಕನ್ನಡದ ಕಥೆಯನ್ನು ಇಂಗ್ಲಿಷಿಗೆ ತರುವವರು, ಇಂಗ್ಲಿಷ್ ಪತ್ರಿಕೆಗೆ ವರದಿ ಬರೆಯುವವರು, ಪರೀಕ್ಷೆಗೆ ಪ್ರಬಂಧ ಅಭ್ಯಾಸ ಮಾಡುವವರು, ಎಲ್ಲರೂ ಒಂದಲ್ಲ ಒಂದು ದಿನ ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಮನುಷ್ಯನೊಬ್ಬ ನೆಟ್ಟಗೆ ನಡೆಯುತ್ತಿಲ್ಲ, ಅದನ್ನು ಹೇಳಬೇಕು. ನಿಘಂಟು ತೆರೆದರೆ ಸ್ಟ್ಯಾಗರ್, ರೀಲ್, ಟಾಟರ್, ಲರ್ಚ್, ಸ್ಟಂಬಲ್, ಶ್ಯಾಂಬಲ್ ಎಂದು ಪದಗಳು ಸಾಲುಗಟ್ಟುತ್ತವೆ. ಎದುರಿಗೆ ಕೊಟ್ಟ ಅರ್ಥ ಮಾತ್ರ ಹೆಚ್ಚುಕಡಿಮೆ ಒಂದೇ: ತೂರಾಡು, ತಡವರಿಸು, ಓಲಾಡು. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರೆದುಬಿಡುತ್ತೇವೆ. ಕನ್ನಡದಲ್ಲಿ ಮೆಲ್ಲಗೆ ಗೋಡೆ ಹಿಡಿದು ನಡೆದ ಅಜ್ಜಿ ಇಂಗ್ಲಿಷಿನಲ್ಲಿ ಕುಡಿದವಳಂತೆ ನಡೆಯತೊಡಗುವುದು ಹೀಗೆ.

ಈ ಪದಗಳು ನಡಿಗೆಯ ಆಕಾರಕ್ಕಿಂತ ಹೆಚ್ಚಾಗಿ ಅದರ ಕಾರಣವನ್ನು ಹೇಳುತ್ತವೆ. ಕಾಲಿಗೆ ಕಲ್ಲು ಸಿಕ್ಕಿತೇ, ತಲೆ ತಿರುಗಿತೇ, ನಿಂತ ನೆಲವೇ ಅಲುಗಿತೇ, ಹೊರೆ ಹೆಚ್ಚಾಯಿತೇ, ವಯಸ್ಸಾಯಿತೇ, ಮಂಡಿ ನೋಯುತ್ತಿದೆಯೇ ಎಂಬುದು ಪದದೊಳಗೇ ಅಡಗಿರುತ್ತದೆ. ಹಾಗಾಗಿ ಪದ ಹುಡುಕುವ ಮೊದಲು ಆ ಮನುಷ್ಯನ ನಡಿಗೆ ಯಾವುದರಿಂದ ಕೆಟ್ಟಿತು ಎಂದು ಕೇಳಿಕೊಳ್ಳಿ. ಅದು ಸ್ಪಷ್ಟವಾದರೆ ಪಟ್ಟಿಯ ಮುಕ್ಕಾಲು ಪಾಲು ತಾನಾಗಿಯೇ ಬಿದ್ದುಹೋಗುತ್ತದೆ.

ಸ್ಟ್ಯಾಗರ್ ಬೇಕೋ, ರೀಲ್ ಬೇಕೋ

ಇವೆರಡರ ನಡುವಿನ ಗೊಂದಲ ಎಲ್ಲಕ್ಕಿಂತ ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಸ್ಟ್ಯಾಗರ್ ಎಂಬುದು ಕಾಲಿನ ಪದ. ದೇಹದ ತೂಕವನ್ನು ಕಾಲುಗಳು ಹೊರಲಾರದೆ ಅಡ್ಡಾದಿಡ್ಡಿ ಬೀಳುತ್ತಿವೆ, ಬೀಳುವುದನ್ನು ತಪ್ಪಿಸಿಕೊಳ್ಳಲು ಮತ್ತೊಂದು ಹೆಜ್ಜೆ, ಅದನ್ನು ಸರಿಪಡಿಸಲು ಇನ್ನೊಂದು. ಕೃಷಿ ಮಾರುಕಟ್ಟೆಯ ಅಂಗಳದಲ್ಲಿ ಈರುಳ್ಳಿ ಚೀಲ ಹೊರುವ ಹಮಾಲಿಯನ್ನು ನೋಡಿ. ಲಾರಿಯ ಮೇಲಿನವನು ಚೀಲವನ್ನು ಬೆನ್ನಿಗೆ ಬಿಟ್ಟ ಕ್ಷಣ ಮಂಡಿ ಕುಸಿಯುತ್ತದೆ, ಮೊದಲ ಎರಡು ಹೆಜ್ಜೆ ಪಕ್ಕಕ್ಕೆ ಹೋಗುತ್ತವೆ, ಪಾದ ಅಗಲವಾಗಿ ಊರಿಕೊಳ್ಳುತ್ತದೆ, ಆಮೇಲೆ ನಡಿಗೆ ಹದಕ್ಕೆ ಬರುತ್ತದೆ. ಆ ಮೊದಲ ಎರಡು ಹೆಜ್ಜೆ ಸ್ಟ್ಯಾಗರ್. ಭಾರದ ಕೆಳಗೆ ತೂರಾಡುವುದಕ್ಕೆ ಇಂಗ್ಲಿಷಿನಲ್ಲಿ ಇದಕ್ಕಿಂತ ಒಳ್ಳೆಯ ಪದವಿಲ್ಲ. ಗಾಯಗೊಂಡವನು, ಹಸಿವಿನಿಂದ ಬಳಲಿದವನು, ಮೂರು ರಾತ್ರಿ ನಿದ್ದೆಗೆಟ್ಟವನು, ಕುಡಿದವನು, ಇವರೆಲ್ಲರಿಗೂ ಇದು ಸಲ್ಲುತ್ತದೆ. ನೆಲದಿಂದ ಕಷ್ಟಪಟ್ಟು ಎದ್ದು ನಿಲ್ಲುವುದಕ್ಕೂ ಇದೇ ಪದ.

ರೀಲ್ ಎಂಬುದು ತಲೆಯ ಪದ. ನೂಲು ಸುತ್ತುವ ರಾಟೆಗೆ ಇರುವ ಹೆಸರೇ ಇದರ ಮೂಲ, ಆ ಸುತ್ತುವಿಕೆ ಪದವನ್ನು ಇವತ್ತಿಗೂ ಬಿಟ್ಟಿಲ್ಲ. ಮುಖಕ್ಕೆ ಗುದ್ದು ಬಿದ್ದ ಬಾಕ್ಸರ್ ಹಿಂದಕ್ಕೆ ರೀಲ್ ಆಗುತ್ತಾನೆ, ಜಾತ್ರೆಯ ತೊಟ್ಟಿಲಿನಿಂದ ಇಳಿದವನ ಕಣ್ಣ ಮುಂದೆ ಇಡೀ ಮೈದಾನ ರೀಲ್ ಆಗುತ್ತದೆ. ಇದರಲ್ಲಿ ಹೆಜ್ಜೆ ಮುಖ್ಯವಲ್ಲ. ಕುರ್ಚಿಯಲ್ಲಿ ಕುಳಿತವನ ತಲೆಯೂ ರೀಲ್ ಆಗಬಹುದು, ಆದರೆ ಕುಳಿತವನು ಸ್ಟ್ಯಾಗರ್ ಆಗಲಾರ. ಆಯ್ಕೆ ಮಾಡುವಾಗ ಈ ಒಂದು ಪರೀಕ್ಷೆ ಸಾಕು.

1611ರ ಕಿಂಗ್ ಜೇಮ್ಸ್ ಬೈಬಲಿನ ನೂರ ಏಳನೆಯ ಕೀರ್ತನೆಯಲ್ಲಿ ಎರಡೂ ಪದಗಳು ಒಂದೇ ಸಾಲಿನಲ್ಲಿ ಕೂತಿವೆ. ಬಿರುಗಾಳಿಗೆ ಸಿಕ್ಕ ಹಡಗಿನ ನಾವಿಕರು ಅತ್ತಿತ್ತ ರೀಲ್ ಆಗುತ್ತಾರೆ, ಕುಡಿದವನ ಹಾಗೆ ಸ್ಟ್ಯಾಗರ್ ಆಗುತ್ತಾರೆ. ಹೊಯ್ದಾಡುವ ಹಡಗಿನ ಜೊತೆ ಹೊಯ್ದಾಡುವ ಮೈಗೆ ಮೊದಲನೆಯದು, ನೆಲೆ ಸಿಗದ ಪಾದಕ್ಕೆ ಎರಡನೆಯದು. ಅನುವಾದಕರು ಒಂದೇ ಅರ್ಥವನ್ನು ಎರಡು ಸಲ ಹೇಳಲಿಲ್ಲ, ಒಂದೇ ಅವಸ್ಥೆಯ ಎರಡು ಮುಖಗಳನ್ನು ಬೇರೆ ಬೇರೆಯಾಗಿ ಹಿಡಿದರು. ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ವ್ಯಾಕರಣದಲ್ಲೂ ಒಂದು ವ್ಯತ್ಯಾಸವಿದೆ. ಸ್ಟ್ಯಾಗರ್‌ಗೆ ಕರ್ಮಪದ ಬರುತ್ತದೆ: ಆ ಸುದ್ದಿ ಅವಳನ್ನು ಸ್ಟ್ಯಾಗರ್ ಮಾಡಿತು ಎನ್ನಬಹುದು. ಸುದ್ದಿ ಅವಳನ್ನು ರೀಲ್ ಮಾಡಿತು ಎಂದು ನೇರವಾಗಿ ಬರುವುದಿಲ್ಲ. ಸುದ್ದಿಯಿಂದ ಅವಳು ರೀಲ್ ಆದಳು ಎಂದೋ, ಸುದ್ದಿ ಅವಳನ್ನು ರೀಲ್ ಆಗುವಂತೆ ದೂಡಿತು ಎಂದೋ ಸುತ್ತಿ ಹೇಳಬೇಕು.

ಸ್ಟ್ಯಾಗರ್‌ಗೆ ಇನ್ನೊಂದು ಬದುಕೂ ಇದೆ. ನಾನೂರು ಮೀಟರ್ ಓಟದಲ್ಲಿ ಹೊರಗಿನ ಸಾಲಿನ ಓಟಗಾರರು ಒಳಗಿನವರಿಗಿಂತ ಮುಂದೆ ನಿಂತು ಹೊರಡುತ್ತಾರಲ್ಲ, ಆ ಏರುಪೇರಿನ ಜೋಡಣೆಗೆ ಸ್ಟ್ಯಾಗರ್ಡ್ ಎನ್ನುತ್ತಾರೆ. ಕಚೇರಿಗಳ ವೇಳೆಯನ್ನು ಹಿಂದುಮುಂದಾಗಿ ಹಂಚಿದರೂ ಅದೇ ಪದ. ಇಲ್ಲಿ ತೂರಾಟ ಇಲ್ಲವೇ ಇಲ್ಲ. ಸರ್ಕಾರಿ ಆದೇಶದಲ್ಲಿ ಈ ಪದ ಕಂಡರೆ 'ತತ್ತರಿಸಿದ ವೇಳಾಪಟ್ಟಿ' ಎಂದು ಅನುವಾದಿಸಬೇಡಿ.

ನೆಲ ಅಲುಗಿದಾಗ: ಲರ್ಚ್ ಮತ್ತು ಸ್ವೇ

ಲರ್ಚ್ ಹಡಗಿನಿಂದ ಬಂದ ಪದ. ಅಲೆ ಹೊಡೆದಾಗ ಹಡಗು ಒಂದು ಪಕ್ಕಕ್ಕೆ ಥಟ್ಟನೆ ವಾಲುವುದಕ್ಕೆ ನಾವಿಕರು ಹದಿನೆಂಟನೆಯ ಶತಮಾನದಲ್ಲಿ ಬಳಸುತ್ತಿದ್ದ ಮಾತು ಆಮೇಲೆ ದಡಕ್ಕೆ ಇಳಿಯಿತು. ಹಡಗಿನ ಗುಣ ಅದರಲ್ಲಿ ಹಾಗೇ ಉಳಿದಿದೆ: ಒಂದೇ ಸಲ, ಹಠಾತ್ತನೆ, ಒಂದು ದಿಕ್ಕಿಗೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನೊಳಗೆ ನಿಂತು ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಚಾಲಕ ಗಕ್ಕನೆ ಬ್ರೇಕ್ ಹಾಕಿದಾಗ ಜನರೆಲ್ಲ ಒಟ್ಟಿಗೆ ಮುಂದಕ್ಕೆ ಬಂದು ಬೀಳುವುದು ಲರ್ಚ್. ತಿರುವುಗಳಲ್ಲಿ ಕೈ ಮೇಲಿನ ಸರಳಿಗೆ ಜೋತು ನಿಂತವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒಂದೇ ಲಯದಲ್ಲಿ ತೂಗುವುದು ಸ್ವೇ.

ಸ್ವೇ ಆಗುವವನ ಪಾದ ಕದಲುವುದಿಲ್ಲ, ಮೈ ಮಾತ್ರ ತೊನೆಯುತ್ತದೆ. ಗಾಳಿಗೆ ಪೈರು ತೊನೆದಾಡುವುದಕ್ಕೂ, ಹಾಡು ಕೇಳುತ್ತ ಕಣ್ಣು ಮುಚ್ಚಿ ತೂಗುವವನಿಗೂ, ತಲೆಸುತ್ತು ಬಂದು ನಿಂತಲ್ಲೇ ವಾಲುವವನಿಗೂ ಈ ಪದ ಸರಿ. ಇದರಲ್ಲಿ ಗಾಬರಿಯಿಲ್ಲ. ಗಾಬರಿ ಬೇಕಿದ್ದರೆ ಲರ್ಚ್ ಕಡೆಗೆ ಹೋಗಿ.

ತೇರು ಎಳೆಯುವುದನ್ನು ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಜೋಡಿ ತುಂಬ ಉಪಯುಕ್ತ. ಮಿಣಿಹಗ್ಗ ಬಿಗಿಯಾಗುತ್ತದೆ, ಜನ ಕೂಗುತ್ತಾರೆ, ತೇರು ಮಾತ್ರ ಕದಲುವುದಿಲ್ಲ. ಆಮೇಲೆ ಒಮ್ಮೆಲೇ ಗಾಲಿ ಕಿರುಗುಟ್ಟಿ ಒಂದು ಮಾರು ಮುಂದಕ್ಕೆ ಜಿಗಿದಂತೆ ಬರುತ್ತದೆ. ಅದು ಲರ್ಚ್. ಉರುಳತೊಡಗಿದ ಮೇಲೆ ಬಟ್ಟೆ ಸುತ್ತಿದ ಗೋಪುರವೂ ಮೇಲಿನ ಕಳಸವೂ ತೂಗುತ್ತವೆ. ಅದು ಸ್ವೇ. ಇಲ್ಲಿ ಟಾಟರ್ ಎಂದು ಬರೆದರೆ ಓದುಗನಿಗೆ ತೇರು ಬಿದ್ದೇ ಬೀಳುತ್ತದೆ ಎಂಬ ಭಯ ಹುಟ್ಟುತ್ತದೆ. ಕಥೆಗೆ ಆ ಭಯ ಬೇಕಿದ್ದರೆ ಮಾತ್ರ ಬಳಸಿ.

'ಲೀವ್ ಇನ್ ದ ಲರ್ಚ್', ಅಂದರೆ ನಡುನೀರಿನಲ್ಲಿ ಕೈಬಿಡುವುದು, ಬೇರೆಯದೇ ಲರ್ಚ್. ಅದು ಒಂದು ಹಳೆಯ ಫ್ರೆಂಚ್ ಆಟದ ಹೆಸರಿನಿಂದ ಬಂದಿದೆ. ಹಡಗಿಗೂ ಅದಕ್ಕೂ ನಂಟಿಲ್ಲ.

ಮಗುವಿನ ಹೆಜ್ಜೆ, ಮುಪ್ಪಿನ ಹೆಜ್ಜೆ

ದಟ್ಟಡಿ ಇಡುವ ಮಗುವಿಗೆ ಟಾಡಲ್. ಪಾದ ಅಗಲ, ಕೈ ಭುಜದ ಮಟ್ಟಕ್ಕೆ ಎತ್ತಿದೆ, ಮಂಡಿ ಸರಿಯಾಗಿ ಮಡಚುವುದಿಲ್ಲ, ಇಡೀ ಮೈ ಒಂದು ಪಕ್ಕಕ್ಕೆ ವಾಲಿದಾಗ ಇನ್ನೊಂದು ಪಾದ ಮುಂದೆ ಬರುತ್ತದೆ. ಪದದಲ್ಲೇ ಮುದ್ದು ಇದೆ. ಈ ವಯಸ್ಸಿನ ಮಗುವನ್ನು ಟಾಡ್ಲರ್ ಎಂದು ಕರೆಯುವುದು ಹದಿನೆಂಟನೆಯ ಶತಮಾನದ ಕೊನೆಯಿಂದ ಬಂದ ರೂಢಿ. ಅದಕ್ಕೂ ಹಿಂದೆ, 1590ರ ದಶಕದಲ್ಲಿ ಷೇಕ್ಸ್‌ಪಿಯರ್ ಬರೆದ ರೋಮಿಯೊ ಅಂಡ್ ಜೂಲಿಯೆಟ್ ನಾಟಕದಲ್ಲಿ ದಾದಿ ಪುಟ್ಟ ಜೂಲಿಯೆಟ್‌ಳ ನಡಿಗೆಯನ್ನು ನೆನೆಯುವಾಗ ಬಳಸುವುದು ವಾಡಲ್. ಇವತ್ತು ಆ ಪದವನ್ನು ಬಾತುಕೋಳಿಗಳೂ ಪೆಂಗ್ವಿನ್‌ಗಳೂ ತಮ್ಮದಾಗಿಸಿಕೊಂಡಿವೆ. ಮಗುವಿಗೆ ಈಗಲೂ ಬಳಸಬಹುದು, ಬಟ್ಟೆ ಡಯಾಪರ್ ದಪ್ಪವಾಗಿದ್ದು ಕಾಲು ಅಗಲಿಸಿ ನಡೆಯುತ್ತಿದ್ದರೆ ಅದೇ ಹೆಚ್ಚು ಚೆನ್ನ.

ವಯಸ್ಕನಿಗೆ ಟಾಡಲ್ ಬಳಸಿದರೆ ಅರ್ಥ ಬದಲಾಗುತ್ತದೆ. ಬ್ರಿಟಿಷರ ಮಾತಿನಲ್ಲಿ ಊಟ ಮುಗಿಸಿ ಮನೆ ಕಡೆ ಟಾಡಲ್ ಆಗುವುದು ಎಂದರೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಹೊರಡುವುದು. ತೂರಾಟ ಅಲ್ಲಿಲ್ಲ.

ಟಾಟರ್ ಮಗುವಿಗೂ ಒಗ್ಗುತ್ತದೆ, ಮುದುಕರಿಗೂ ಒಗ್ಗುತ್ತದೆ. ಎರಡು ಕಡೆಯೂ ಅದು ಹೇಳುವುದು ಒಂದೇ: ಈ ಕಾಲುಗಳಿಗೆ ಈ ಮೈಯನ್ನು ನಿಲ್ಲಿಸುವ ಶಕ್ತಿ ಸಾಲದು, ಯಾವಾಗ ಬೇಕಾದರೂ ಬೀಳಬಹುದು. ಅಜ್ಜಿಯ ಬಗ್ಗೆ ಬರೆಯುವಾಗ ಸ್ಟ್ಯಾಗರ್‌ಗಿಂತ ಇದು ಎಷ್ಟೋ ಮೇಲು. ಸ್ಟ್ಯಾಗರ್‌ನಲ್ಲಿ ಏನೋ ಘಟಿಸಿದ ಪೆಟ್ಟು ಇದೆ, ಟಾಟರ್‌ನಲ್ಲಿ ದಿನನಿತ್ಯದ ಅಶಕ್ತಿ ಇದೆ. ಒಟ್ಟಿದ ಪಾತ್ರೆಗಳ ರಾಶಿ, ಹಳೆಯ ಗೋಡೆ, ಬೆಂಬಲ ಕಳೆದುಕೊಂಡ ಸಮ್ಮಿಶ್ರ ಸರ್ಕಾರ ಕೂಡ ಟಾಟರ್ ಆಗುತ್ತವೆ.

ಟೀಟರ್ ಅದರ ತಮ್ಮ. ಉತ್ತರ ಅಮೆರಿಕದಲ್ಲಿ ಮಕ್ಕಳ ಏತದಾಟದ ಹಲಗೆಗೆ ಟೀಟರ್-ಟಾಟರ್ ಎಂದೇ ಹೆಸರು. ಆ ಹಲಗೆ ಅತ್ತ ವಾಲಬಹುದು, ಇತ್ತಲೂ ವಾಲಬಹುದು, ಟೀಟರ್‌ನ ಪ್ರಾಣ ಇರುವುದು ಅಲ್ಲೇ. ಅಂಚಿನ ಮೇಲೆ ನಿಂತವನು, ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟವಳು, ಮುಚ್ಚಲೂ ಆಗದೆ ನಡೆಸಲೂ ಆಗದೆ ಉಳಿದ ಕಾರ್ಖಾನೆ, ಇವಕ್ಕೆಲ್ಲ ಟೀಟರ್. ಬೀಳುವ ಸಾಧ್ಯತೆಯೇ ಹೆಚ್ಚಿದ್ದರೆ ಟಾಟರ್, ಎರಡೂ ಸಮವಿದ್ದರೆ ಟೀಟರ್.

ಡಾಡರ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ, ಅದನ್ನು ಬಳಸಬೇಡಿ. ನಡುಗುತ್ತ ನಡೆಯುವುದು ಎಂದು ನಿಘಂಟು ಸೌಮ್ಯವಾಗಿ ಹೇಳುತ್ತದೆ. ಬಳಕೆಯಲ್ಲಿ ಅದು ಹಿರಿಯರ ಮೈಯ ಜೊತೆಗೆ ಅವರ ಬುದ್ಧಿಯನ್ನೂ ಹೀಯಾಳಿಸುವ ಪದ, ಅರಳುಮರಳು ಎಂಬ ಬೈಗುಳ ಅದರೊಳಗೆ ಬೆರೆತಿದೆ. ಪಾತ್ರವೊಂದು ಇನ್ನೊಂದು ಪಾತ್ರವನ್ನು ಬೈಯುವ ಸಂಭಾಷಣೆಯಲ್ಲಿ ಇರಲಿ. ನಿರೂಪಕನ ಬಾಯಲ್ಲಿ, ವರದಿಯಲ್ಲಿ, ಶ್ರದ್ಧಾಂಜಲಿಯಲ್ಲಿ ಬೇಡವೇ ಬೇಡ.

ಎಡವುವುದು, ಮುಗ್ಗರಿಸುವುದು

ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ಎಡವು ಮತ್ತು ಮುಗ್ಗರಿಸು ಎಂಬ ಎರಡು ಪದ ನಮ್ಮ ಬಳಿ ಇವೆ, ಟ್ರಿಪ್ ಮತ್ತು ಸ್ಟಂಬಲ್ ಸರಿಸುಮಾರು ಅವುಗಳ ಪಕ್ಕದಲ್ಲೇ ನಿಲ್ಲುತ್ತವೆ. ಟ್ರಿಪ್ ಆಗಲು ಏನಾದರೂ ಅಡ್ಡ ಬರಬೇಕು: ಹೊಸಿಲು, ಕಲ್ಲು, ತಂತಿ, ಯಾರೋ ಬೇಕೆಂದೇ ಚಾಚಿದ ಕಾಲು. ಸ್ಟಂಬಲ್‌ಗೆ ಅಂಥ ಅಡ್ಡಿ ಇರಲೇಬೇಕೆಂದಿಲ್ಲ. ಕತ್ತಲಲ್ಲಿ ದಾರಿ ಕಾಣದೆ, ಆಯಾಸದಿಂದ, ಇಳಿಜಾರಿನ ವೇಗಕ್ಕೆ ಹೆಜ್ಜೆ ತಪ್ಪಿದರೂ ಸ್ಟಂಬಲ್. ಟ್ರಿಪ್ ಒಂದು ಕ್ಷಣದ ಘಟನೆ, ಸ್ಟಂಬಲ್ ದೂರದವರೆಗೆ ಮುಂದುವರಿಯಬಹುದು: ರಾತ್ರಿಯಿಡೀ ಕಾಡಿನೊಳಗೆ ಸ್ಟಂಬಲ್ ಆಗುತ್ತ ನಡೆದರು ಎನ್ನಬಹುದು, ರಾತ್ರಿಯಿಡೀ ಟ್ರಿಪ್ ಆಗುತ್ತ ನಡೆದರು ಎಂದರೆ ಹಾಸ್ಯವಾಗುತ್ತದೆ.

ಒಬ್ಬನನ್ನು ಕಾಲು ಕೊಟ್ಟು ಬೀಳಿಸುವುದಕ್ಕೆ ಟ್ರಿಪ್ ಮಾತ್ರ ಬರುತ್ತದೆ. ಸ್ಟಂಬಲ್‌ಗೆ ಈಗಿನ ಇಂಗ್ಲಿಷಿನಲ್ಲಿ ಹಾಗೆ ಕರ್ಮಪದ ಸೇರಿಸುವುದಿಲ್ಲ. ಮಾತಿನಲ್ಲಿ ತಡವರಿಸುವುದಕ್ಕೆ ಸ್ಟಂಬಲ್ ಸರಿ. ಅನಿರೀಕ್ಷಿತವಾಗಿ ಏನನ್ನೋ ಕಂಡುಕೊಳ್ಳುವುದಕ್ಕೂ ಅದೇ: ಹಾಳು ಬಿದ್ದ ಗುಡಿಯ ಹಿಂದೆ ಶಾಸನವೊಂದರ ಮೇಲೆ ಸ್ಟಂಬಲ್ ಆದೆವು. ಅಡ್ಡಗಲ್ಲು ಎಂಬ ಅರ್ಥದ 'ಸ್ಟಂಬ್ಲಿಂಗ್ ಬ್ಲಾಕ್' ಎಂಬ ಜೋಡಿಪದ ವಿಲಿಯಂ ಟಿಂಡೇಲ್ 1526ರಲ್ಲಿ ಹೊರತಂದ ಹೊಸ ಒಡಂಬಡಿಕೆಯ ಅನುವಾದದಿಂದ ಇಂಗ್ಲಿಷಿಗೆ ದಕ್ಕಿತು.

ಫಾಲ್ಟರ್ ಇವುಗಳ ಹತ್ತಿರ ಸುಳಿದಾಡುತ್ತದೆ, ಆದರೆ ಅದರ ಕಾರಣ ಮನಸ್ಸಿನದು. ಬಾಗಿಲವರೆಗೆ ದೃಢವಾಗಿ ಬಂದವನ ಹೆಜ್ಜೆ ಹೊಸಿಲ ಬಳಿ ಅಳುಕಿದರೆ ಫಾಲ್ಟರ್. ದನಿಗೂ ಧೈರ್ಯಕ್ಕೂ ಕಾಲಿಗೂ ಒಂದೇ ಪದ.

ನೋವು, ಜಡತೆ, ರೋಗ

ಒಂದು ಕಾಲು ನೋಯುತ್ತಿದ್ದರೆ ಲಿಂಪ್. ಕ್ರಿಕೆಟ್ ಮೈದಾನದಿಂದ ತೊಡೆಯ ಸ್ನಾಯು ಹಿಡಿದುಕೊಂಡು ಹೊರನಡೆಯುವ ಬೌಲರ್ ಲಿಂಪ್ ಆಗುತ್ತಾನೆ. ಕಷ್ಟ ಇನ್ನೂ ಹೆಚ್ಚಾಗಿ, ಹೆಜ್ಜೆಗಳು ಗಿಡ್ಡವಾಗಿ, ಕೋಲನ್ನೋ ಗೋಡೆಯನ್ನೋ ಹಿಡಿಯಬೇಕಾದಾಗ ಹಾಬಲ್. ಲಿಂಪ್ ಆಗುವವನು ಬೇಗ ನಡೆಯಬಲ್ಲ, ಹಾಬಲ್ ಆಗುವವನಿಗೆ ಅದು ಆಗದು. ಕುದುರೆ ಕತ್ತೆಗಳು ದೂರ ಹೋಗದಂತೆ ಕಾಲುಗಳಿಗೆ ಹಗ್ಗ ಕಟ್ಟುವುದಕ್ಕೂ ಹಾಬಲ್ ಎಂದೇ ಹೆಸರು. 1910ರ ಆಸುಪಾಸಿನಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಪಾದದ ಬಳಿ ತೀರ ಬಿಗಿಯಾಗಿದ್ದ ಲಂಗವೊಂದು ಫ್ಯಾಷನ್ ಆಯಿತು. ತೊಟ್ಟವರು ಗೇಣುದ್ದದ ಹೆಜ್ಜೆ ಇಡಬೇಕಾಗಿದ್ದರಿಂದ ಅದಕ್ಕೆ ಹಾಬಲ್ ಸ್ಕರ್ಟ್ ಎಂದೇ ಹೆಸರು ಬಿತ್ತು. ನೋವಿರಲಿ, ಕಟ್ಟು ಇರಲಿ, ಹೆಜ್ಜೆ ಮೊಟಕಾಗುವುದೇ ಹಾಬಲ್‌ನ ಗುರುತು.

ಶಫಲ್‌ನಲ್ಲಿ ಪಾದ ನೆಲ ಬಿಡುವುದಿಲ್ಲ. ಹವಾಯಿ ಚಪ್ಪಲಿ ಸರಸರ ಸದ್ದು ಮಾಡುವಂತೆ ಎಳೆದು ನಡೆಯುವುದು. ಸರತಿ ಸಾಲಿನಲ್ಲಿ ಇಂಚಿಂಚಾಗಿ ಮುಂದೆ ಸರಿಯುವವರಿಗೂ ಇದು ಹೊಂದುತ್ತದೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಒಂದು ಸಣ್ಣ ಪ್ರಬಂಧ ಪ್ರಕಟಿಸಿ ನಡುಕದ ರೋಗವೊಂದನ್ನು ವಿವರಿಸಿದರು. ಮೈ ಮುಂದಕ್ಕೆ ಬಾಗುವುದು, ನಡಿಗೆ ತಾನಾಗಿ ಓಟಕ್ಕೆ ತಿರುಗುವುದು ಅವರ ವಿವರಣೆಯಲ್ಲಿತ್ತು. ಇವತ್ತು ಅವರ ಹೆಸರನ್ನೇ ಹೊತ್ತ ಆ ರೋಗದ ನಡಿಗೆಯನ್ನು ವೈದ್ಯರು ಶಫ್ಲಿಂಗ್ ಗೇಟ್ ಎಂದು ಬರೆಯುತ್ತಾರೆ. ಗೇಟ್ ಎಂದರೆ ವೈದ್ಯರ ಭಾಷೆಯಲ್ಲಿ ನಡೆಯುವ ರೀತಿ.

ಶ್ಯಾಂಬಲ್ ಇದಕ್ಕಿಂತ ಒರಟು. ಇಲ್ಲಿ ಪಾದ ಎಳೆಯುವುದರ ಜೊತೆಗೆ ಇಡೀ ಮೈ ಸಡಿಲವಾಗಿ ಜೋತುಬಿದ್ದಿರುತ್ತದೆ, ಭುಜಗಳು ಇಳಿದಿರುತ್ತವೆ. ಮಾಂಸ ಮಾರುವ ಮೇಜಿನ ಸೊಟ್ಟ ಕಾಲುಗಳಿಂದ ಈ ಪದ ಬಂತು ಎನ್ನುತ್ತಾರೆ. ಯಾರ್ಕ್ ನಗರದಲ್ಲಿ ಒಂದು ಕಾಲಕ್ಕೆ ಮಾಂಸದ ಅಂಗಡಿಗಳಿದ್ದ ಹಳೆಯ ಬೀದಿಗೆ ಇವತ್ತಿಗೂ ಶ್ಯಾಂಬಲ್ಸ್ ಎಂದೇ ಹೆಸರಿದೆ. ಸಿನಿಮಾದ ಜೋಂಬಿಗಳು ನಡೆಯುವುದು ಶ್ಯಾಂಬಲ್.

ಇಲ್ಲಿ ಒಂದು ಎಚ್ಚರ ಅಗತ್ಯ. ವಾಡಲ್ ಪದವನ್ನು ನರರೋಗ ತಜ್ಞರು ಸೊಂಟದ ಸ್ನಾಯುಗಳು ದುರ್ಬಲವಾದವರ ನಡಿಗೆಗೆ ನಿರ್ಲಿಪ್ತವಾಗಿ ಬಳಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಕಥೆಯಲ್ಲೋ ಪತ್ರದಲ್ಲೋ ದಪ್ಪಗಿರುವವರ ಬಗ್ಗೆ, ತುಂಬು ಗರ್ಭಿಣಿಯ ಬಗ್ಗೆ ಅದೇ ಪದ ಬಂದರೆ ಚುಚ್ಚುತ್ತದೆ. ಗರ್ಭಿಣಿಯೇ ತನ್ನ ಬಗ್ಗೆ ನಗುತ್ತ ಹೇಳಿಕೊಂಡರೆ ಅದು ಬೇರೆ. ಇನ್ನೊಬ್ಬರು ಹೇಳುವ ಮಾತಲ್ಲ ಅದು.

ಪದ ಬೇಡ ಎನ್ನಬೇಕಾದ ಜಾಗ

ವರದಿಗಾರರಿಗೆ, ದೂರು ಬರೆದುಕೊಳ್ಳುವವರಿಗೆ, ಆಸ್ಪತ್ರೆಯಲ್ಲಿ ಟಿಪ್ಪಣಿ ಬರೆಯುವವರಿಗೆ ನನ್ನ ಕಳಕಳಿಯ ಮಾತು ಒಂದಿದೆ. ರಸ್ತೆಯಲ್ಲಿ ಒಬ್ಬ ವ್ಯಕ್ತಿ ಓಲಾಡುತ್ತ ಬಂದ, ಬಿದ್ದ ಎಂದು ಬರೆಯಬೇಕಾದಾಗ ಸ್ಟ್ಯಾಗರ್ ಎಂದು ಬರೆದರೆ ಓದುವವರಲ್ಲಿ ಬಹುಪಾಲು ಜನ ಮದ್ಯವನ್ನು ಊಹಿಸಿಬಿಡುತ್ತಾರೆ. ಕನ್ನಡದ ತೂರಾಡಿದ ಎಂಬ ಪದಕ್ಕೂ ಇದೇ ಗುಣವಿದೆ. ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ದಿಢೀರನೆ ಇಳಿದಾಗ ನಡಿಗೆ ಹಾಗೆಯೇ ಆಗುತ್ತದೆ, ಮಾತೂ ತೊದಲಬಹುದು. ಪಾರ್ಶ್ವವಾಯುವಿನ ಆರಂಭ, ಕಿವಿಯ ಒಳಭಾಗದ ತೊಂದರೆ, ಕೆಲವು ಔಷಧಗಳ ಪರಿಣಾಮ, ಕಿರುಮೆದುಳಿನ ರೋಗ, ಇವೆಲ್ಲವೂ ಮನುಷ್ಯನನ್ನು ಹಾಗೆ ನಡೆಸಬಲ್ಲವು. ಕಾರಣ ಗೊತ್ತಿಲ್ಲದಿದ್ದರೆ 'ಅನ್‌ಸ್ಟೆಡಿ' ಎಂಬ ಸಾದಾ ಪದ ಬರೆಯಿರಿ. ಅದರಲ್ಲಿ ಬಣ್ಣವಿಲ್ಲ, ಆರೋಪವೂ ಇಲ್ಲ. ಸಾಹಿತ್ಯದಲ್ಲಿ ಸಪ್ಪೆಯೆನಿಸುವ ಆ ಪದ ವರದಿಯಲ್ಲಿ ಒಬ್ಬನ ಮರ್ಯಾದೆ ಉಳಿಸುತ್ತದೆ, ಎಷ್ಟೋ ಸಲ ಸಕಾಲದ ಚಿಕಿತ್ಸೆಗೂ ದಾರಿ ಮಾಡುತ್ತದೆ.

ವೈದ್ಯರು ಬಳಸುವ ಅಟ್ಯಾಕ್ಸಿಯ ಎಂಬ ಪದ ಹೊಂದಾಣಿಕೆ ತಪ್ಪಿದ ಚಲನೆಯನ್ನು ಸೂಚಿಸುತ್ತದೆ. ಪರೀಕ್ಷೆ ಮಾಡಿದವರಷ್ಟೇ ಬರೆಯಬೇಕಾದ ಪದ ಅದು.

ಪತ್ರಿಕೆಯ ತಲೆಬರಹದಲ್ಲಿ

ನಡಿಗೆಯೇ ಇಲ್ಲದ ಕಡೆಯೂ ಈ ಪದಗಳು ದುಡಿಯುತ್ತವೆ. ಪ್ರವಾಹಕ್ಕೆ ತತ್ತರಿಸಿದ ಜಿಲ್ಲೆ, ಬೆಲೆಯೇರಿಕೆಗೆ ತತ್ತರಿಸಿದ ಜನ ಎಂದು ಕನ್ನಡ ಪತ್ರಿಕೆಗಳು ಬರೆಯುವಲ್ಲಿ ಇಂಗ್ಲಿಷ್ ಪತ್ರಿಕೆಗಳು ರೀಲ್ ಎನ್ನುತ್ತವೆ. ತತ್ತರಿಸು ಎಂಬುದಕ್ಕೆ ರೀಲ್‌ಗಿಂತ ನಿಕಟವಾದ ಜೊತೆಗಾರ ಇಲ್ಲ, ಎರಡರಲ್ಲೂ ಪೆಟ್ಟು ತಿಂದ ತಲೆ ಇದೆ. ಪೆಟ್ಟು ಮುಗಿದಿದ್ದರೆ ರೀಲಿಂಗ್ ಫ್ರಮ್, ಬರಗಾಲದಂತೆ ಇನ್ನೂ ಮುಂದುವರಿದಿದ್ದರೆ ರೀಲಿಂಗ್ ಅಂಡರ್. ಈ ಚಿಕ್ಕ ಭೇದವನ್ನು ಪಾಲಿಸಿದರೆ ವಾಕ್ಯ ಚುರುಕಾಗುತ್ತದೆ.

ಸುಲಭದ ಗುರಿಯೆದುರು ತಂಡ ಮುಗ್ಗರಿಸಿದರೆ ಸ್ಟಂಬಲ್. ನಷ್ಟದಲ್ಲೂ ಹೇಗೋ ನಡೆಯುತ್ತಿರುವ ಸಂಸ್ಥೆ ಲಿಂಪ್ ಆಗುತ್ತ ಸಾಗುತ್ತದೆ. ಒಂದು ಬಿಕ್ಕಟ್ಟಿನಿಂದ ಇನ್ನೊಂದಕ್ಕೆ ಹೊರಳುವ ಆಡಳಿತಕ್ಕೆ ಲರ್ಚ್. ನಂಬಲಾಗದಷ್ಟು ದೊಡ್ಡ ಮೊತ್ತಕ್ಕೆ ಸ್ಟ್ಯಾಗರಿಂಗ್. ನಿಯಮಗಳ ಬಿಗಿತದಿಂದ ಕೈಕಾಲು ಕಟ್ಟಿಸಿಕೊಂಡ ಇಲಾಖೆಗೆ ಹಾಬಲ್ಡ್. ವಾಬಲ್ ಮೂಲತಃ ವಸ್ತುಗಳ ಪದ, ಅಂಕುಡೊಂಕಾಗಿ ಸುತ್ತುವ ಸೈಕಲ್ ಗಾಲಿಗೆ, ಒಂದು ಕಾಲು ಗಿಡ್ಡವಾದ ಮೇಜಿಗೆ ಬರುವಂಥದ್ದು. ಮೈತ್ರಿಯ ಮಾತುಕತೆಗೆ, ಒಂದು ಕ್ಷಣ ಅಲುಗಿದ ಆತ್ಮವಿಶ್ವಾಸಕ್ಕೆ ಅದನ್ನು ತಂದರೆ ಲಘುವಾಗಿ, ಚೆನ್ನಾಗಿಯೇ ಕೂರುತ್ತದೆ.

ಅಡ್ಡ ಬರುವ ಜೋಡಿಗಳು

ಸ್ಟ್ಯಾಗರ್ ಬರೆಯುವಲ್ಲಿ ಸ್ವ್ಯಾಗರ್ ಬರೆದು ಪಾತ್ರದ ಸ್ವಭಾವವನ್ನೇ ಬದಲಿಸಿಬಿಟ್ಟ ಅನುವಾದಗಳನ್ನು ಓದಿದ್ದೇನೆ. ಸ್ವ್ಯಾಗರ್ ಎದೆಯುಬ್ಬಿಸಿ, ಭುಜ ಕುಣಿಸಿ ನಡೆಯುವ ಜಂಬದ ನಡಿಗೆ. ಫ್ಲೌಂಡರ್ ಮತ್ತು ಫೌಂಡರ್ ಕೂಡ ಹಾಗೆ. ಗದ್ದೆಯ ಕೆಸರಲ್ಲಿ ಹೂತು ಒದ್ದಾಡುವ ಎಮ್ಮೆಗೆ ಮೊದಲನೆಯದು, ನೀರು ತುಂಬಿ ಮುಳುಗಿದ ಹಡಗಿಗೆ ಎರಡನೆಯದು. ನೀರಿನಲ್ಲಿ ಸ್ಥಿರವಾಗಿ ಹೆಜ್ಜೆಯಿಟ್ಟು ಹೊಳೆ ದಾಟಿದರೆ ವೇಡ್. ವಾಡಲ್ ಹುಟ್ಟಿದ್ದೂ ಅದರಿಂದಲೇ. ಕೊನೆಗೆ ಲ್ ಅಥವಾ ರ್ ಸೇರಿಸಿ ಮತ್ತೆ ಮತ್ತೆ ನಡೆಯುವ ಕ್ರಿಯೆಯನ್ನು ಸೂಚಿಸುವುದು ಇಂಗ್ಲಿಷಿನ ಹಳೆಯ ಪದ್ಧತಿ. ನಾವು ಓಲು ಎಂಬುದಕ್ಕೆ ಆಡು ಸೇರಿಸಿ ಓಲಾಡು ಎಂದು ಮಾಡಿಕೊಳ್ಳುವ ಹಾಗೆ. ಈ ಪಟ್ಟಿಯ ಅರ್ಧಕ್ಕರ್ಧ ಪದಗಳ ಬಾಲ ಒಂದೇ ರೀತಿ ಇರುವುದು ಅದಕ್ಕಾಗಿ.

ನಿಯಂತ್ರಣ ತಪ್ಪಿದ ಲಾರಿಗೆ ಕರೀನ್ ಮತ್ತು ಕರಿಯರ್ ಎರಡೂ ಬಳಕೆಯಲ್ಲಿವೆ. ಕರೀನ್ ಎಂದರೆ ಮೊದಲಿಗೆ ಹಡಗನ್ನು ತಳ ಉಜ್ಜಲು ಮಗ್ಗುಲಿಗೆ ಮಲಗಿಸುವುದು, ಅಲ್ಲಿಂದ ವಾಲುವುದು. ಕರಿಯರ್ ಎಂದರೆ ಹುಚ್ಚು ವೇಗದಲ್ಲಿ ನುಗ್ಗುವುದು. ಅಮೆರಿಕನ್ನರು ಎರಡಕ್ಕೂ ಕರೀನ್ ಎನ್ನುತ್ತಾರೆ. ಬ್ರಿಟಿಷ್ ಓದುಗರಿಗೆ ಬರೆಯುತ್ತಿದ್ದರೆ ಭೇದ ಉಳಿಸಿಕೊಳ್ಳಿ.

ಇನ್ನು ಕಾಲೆಳೆಯುವುದು. ಕನ್ನಡದಲ್ಲಿ ಕಾಲೆಳೆದುಕೊಂಡು ನಡೆಯುವುದು ಆಯಾಸ ಅಥವಾ ಕಾಯಿಲೆ, ಒಬ್ಬರ ಕಾಲೆಳೆಯುವುದು ತಮಾಷೆ. ಮೊದಲನೆಯದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ಒಯ್ದರೆ ಸಿಗುವ 'ಡ್ರ್ಯಾಗ್ ಒನ್ಸ್ ಫೀಟ್' ಎಂಬ ನುಡಿಗಟ್ಟಿನ ರೂಢಿಯ ಅರ್ಥ ಬೇಕೆಂದೇ ವಿಳಂಬ ಮಾಡುವುದು. ಕಾಯಿಲೆಯ ತಂದೆಯ ಬಗ್ಗೆ ಬರೆಯುವಾಗ ಈ ಬಲೆಗೆ ಬೀಳಬೇಡಿ, ಶಫಲ್ ಸಾಕು.

ಒಂದು ತುಣುಕು, ನಾಲ್ಕು ಆಯ್ಕೆ

ಇದನ್ನು ಇಂಗ್ಲಿಷಿಗೆ ತರಬೇಕು ಎಂದುಕೊಳ್ಳೋಣ: ಬಸ್ಸು ಗಕ್ಕನೆ ನಿಂತಿತು, ಬಾಗಿಲ ಬಳಿ ನಿಂತಿದ್ದ ಮುದುಕ ಮುಂದಕ್ಕೆ ಜೋಲಿ ಹೊಡೆದ. ಇಳಿದವನು ಎರಡು ಹೆಜ್ಜೆ ತೂರಾಡಿದ. ಚರಂಡಿಯ ಕಲ್ಲನ್ನು ಎಡವಿದ. ಆಮೇಲೆ ಮಂಡಿ ಹಿಡಿದುಕೊಂಡು ಮೆಲ್ಲಗೆ ಮನೆಯತ್ತ ನಡೆದ.

ಮೊದಲನೆಯದು ನಿಸ್ಸಂದೇಹವಾಗಿ ಲರ್ಚ್. ನೆಲ ಅಲುಗಿತು, ಮೈ ಒಂದೇ ಸಲ ಹೋಯಿತು. ಮೂರನೆಯದು ಟ್ರಿಪ್, ಕಲ್ಲು ಕಣ್ಣೆದುರಿಗೇ ಇದೆಯಲ್ಲ. ನಾಲ್ಕನೆಯದಕ್ಕೆ ಲಿಂಪ್ ಬಂದರೂ ನಡೆಯುತ್ತದೆ, ಆದರೆ ಕೈ ಮಂಡಿಯ ಮೇಲಿದೆ, ಹೆಜ್ಜೆ ಗಿಡ್ಡವಾಗಿದೆ, ಹಾಬಲ್ ಮೇಲು.

ಕಷ್ಟವಿರುವುದು ಎರಡನೆಯದರಲ್ಲಿ. ತೂರಾಡಿದ ಎಂಬುದನ್ನು ಕಂಡೊಡನೆ ಸ್ಟ್ಯಾಗರ್ ಎಂದು ಬರೆಯಲು ಕೈ ಹೋಗುತ್ತದೆ. ಬಸ್ಸಿನ ಹೊಡೆತದಿಂದ ಇನ್ನೂ ಸುಧಾರಿಸಿಕೊಂಡಿಲ್ಲ ಎನ್ನುವುದೇ ಕಥೆಗಾರರ ಉದ್ದೇಶವಾದರೆ ಅದೇ ಸರಿ, ಹಿಂದಿನ ವಾಕ್ಯ ಕಾರಣ ಕೊಟ್ಟಿರುವುದರಿಂದ ಮದ್ಯದ ಅನುಮಾನ ಹುಟ್ಟುವುದಿಲ್ಲ. ಹಿಂದಿನ ಪುಟಗಳಲ್ಲಿ ಈ ಮುದುಕನ ಕಾಲಿನ ಬಲ ಕುಂದಿದ್ದನ್ನು ಹೇಳಿದ್ದರೆ, ಬಸ್ಸು ಬರೀ ನೆಪವಾಗಿದ್ದರೆ, ಟಾಟರ್. ಹಾಗಾಗಿ ಈ ಒಂದು ಪದಕ್ಕಾಗಿ ಹಿಂದಿನ ಪುಟಗಳನ್ನು ಮತ್ತೊಮ್ಮೆ ಓದಬೇಕು. ನಾನಾದರೆ ಟಾಟರ್ ಆರಿಸುತ್ತಿದ್ದೆ: ಮುದುಕ ಎಂಬ ಪದ ಮೊದಲ ವಾಕ್ಯದಲ್ಲೇ ಬಂದಿದೆ, ಎರಡೇ ಹೆಜ್ಜೆಗೆ ಅವನು ಕಲ್ಲನ್ನೂ ಎಡವಿದ್ದಾನೆ.